ಮುನಿರಾಜು ಕಳಿಸಿದ ಲಗ್ನಪತ್ರಿಕೆ

ಬಂಗಾರಪೇಟೆಯಲ್ಲಿ ಕಂಪ್ಯೂಟರ್ ಸುರಕ್ಷತೆಯ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬಲ್ಲ ನಿವೃತ್ತರು ಯಾರಾದರೂ ಇದ್ದರೆ ಅದು ನಾನೇ ಎಂದು ಕಳೆದ ಕಾರ್ತಿಕ ಮಾಸದವರೆಗೆ ನನಗೆ ಗಟ್ಟಿ ನಂಬಿಕೆಯಿತ್ತು. ಕ್ಯಾಸಂಬಳ್ಳಿಯ ಅಂಚೆ ಕಚೇರಿಯಲ್ಲಿ ಮೂವತ್ತು ವರ್ಷ ಊರವರ ಕಾಗದಗಳನ್ನು ಜೋಪಾನ ಮಾಡಿದವನು ನಾನು. ಕಾಗದ ಚೀಲದಲ್ಲಿ ಬಂದರೇನು, ಕಂಪ್ಯೂಟರಿನಲ್ಲಿ ಬಂದರೇನು? ನಿವೃತ್ತರ ಸಂಘದಲ್ಲಿ ಈ ಕುರಿತು ಭಾಷಣವನ್ನೂ ಮಾಡಿದ್ದೆ. "ಗುರುತಿಲ್ಲದವರ ಈಮೇಲ್ ತೆರೆಯಬಾರದು, ಜೊತೆಗೆ ಬಂದ ಫೈಲನ್ನಂತೂ ಮುಟ್ಟಲೇಬಾರದು" ಎಂದು ಮೇಜು ಕುಟ್ಟಿ ಹೇಳಿದ್ದೆ. ಅದೇ ಮಾತನ್ನು ದಪ್ಪಕ್ಷರದಲ್ಲಿ ಬರೆದು ಮನೆಯ ಕಂಪ್ಯೂಟರಿನ ನೆತ್ತಿಗೆ ಅಂಟಿಸಿದ್ದೆ. ಆಯುಧಪೂಜೆಯ ದಿನ ನನ್ನ ಹೆಂಡತಿ ರತ್ನಮ್ಮ ಆ ಚೀಟಿಗೂ ಕುಂಕುಮ ಇಟ್ಟಿದ್ದಳು.

ಆ ಕುಂಕುಮ ಇನ್ನೂ ಮಾಸಿರಲಿಲ್ಲ. ಒಂದು ಭಾನುವಾರ ಬೆಳಗ್ಗೆ ಮುನಿರಾಜು ಎಂಬುವವರಿಂದ ಈಮೇಲ್ ಬಂತು. "ನಮ್ಮ ಮಗಳ ಮದುವೆ. ಲಗ್ನಪತ್ರಿಕೆ ಇದರೊಂದಿಗಿದೆ. ಕುಟುಂಬ ಸಮೇತ ಬರಬೇಕು" ಎಂದಿತ್ತು.

ಯಾವ ಮುನಿರಾಜು? ನಮ್ಮ ಸೀಮೆಯಲ್ಲಿ ಬಸ್ಸಿನಲ್ಲಿ ನಿಂತು ಮುನಿರಾಜೂ ಎಂದು ಕೂಗಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ನನ್ನ ನೆಂಟರಲ್ಲೇ ಆರು ಮಂದಿ ಇದ್ದಾರೆ. ಲಗ್ನಪತ್ರಿಕೆಯ ವಿಷಯದಲ್ಲಿ ನಾನು ಒಮ್ಮೆ ಪೆಟ್ಟು ತಿಂದವನು. ದೊಡ್ಡಪ್ಪನ ಮಗ ಕೊಟ್ಟ ಪತ್ರಿಕೆಯನ್ನು ಬೀರುವಿನಲ್ಲಿಟ್ಟು ಮರೆತು ಮದುವೆಗೆ ಹೋಗದಿದ್ದಕ್ಕೆ ಅವನು ಮೂರು ವರ್ಷದಿಂದ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಮುಖ ತಿರುಗಿಸಿ ಬಸ್ಸಿನ ಟೈರು ನೋಡುತ್ತಾ ನಿಲ್ಲುತ್ತಾನೆ.

ರತ್ನಮ್ಮ ಅವರೆಕಾಯಿ ಸುಲಿಯುತ್ತಾ ಕೂತಿದ್ದಳು. "ಗೊತ್ತಿಲ್ದೋರ್ದು ತೆಗೀಬಾರ್ದು ಅಂತ ನೀವೇ ಬರ್ದು ಅಂಟ್ಸಿದ್ದೀರಲ್ರೀ" ಎಂದಳು.

"ಅದು ಈಮೇಲಿಗೆ ಕಣೆ. ಇದು ಲಗ್ನಪತ್ರಿಕೆ" ಎಂದು ಒತ್ತಿಯೇಬಿಟ್ಟೆ.

ಕಂಪ್ಯೂಟರಿನ ಕಾವಲಿಗೆಂದು ಹಾಕಿಸಿದ್ದ ಆಂಟಿವೈರಸ್ ತಕ್ಷಣ ಕೆಂಪಗಾಗಿ, ಈ ಫೈಲ್ ಅಪಾಯಕಾರಿ ಎಂದು ಅಡ್ಡ ಬಂತು. ನನಗೆ ರೇಗಿತು. ನೆಂಟರು ಬಾಗಿಲಿಗೆ ಬಂದಾಗ ಬೊಗಳುವ ನಾಯಿಯನ್ನು ನಾವು ಏನು ಮಾಡುತ್ತೇವೆ? ಹಿತ್ತಲಿಗೆ ಎಳೆದುಕೊಂಡು ಹೋಗಿ ಕಟ್ಟುತ್ತೇವೆ. ನಾನೂ ಅದನ್ನೇ ಮಾಡಿದೆ. ಆಂಟಿವೈರಸ್ಸನ್ನು ಆಫ್ ಮಾಡಿ ಮತ್ತೆ ಒತ್ತಿದೆ. ಕಪ್ಪು ಪರದೆಯೊಂದು ಕಣ್ಣು ಮಿಟುಕಿಸಿದಂತೆ ಬಂದು ಹೋಯಿತು. ವಧುವಿಲ್ಲ, ವರನಿಲ್ಲ, ಗಣಪತಿಯ ಚಿತ್ರವೂ ಇಲ್ಲ. ಇರಲಿ ಎಂದು ಇನ್ನೂ ಮೂರು ಸಲ ಒತ್ತಿದೆ.

ಹತ್ತು ನಿಮಿಷದಲ್ಲಿ ಫೋನ್ ಬಂತು. ಕಾಮಸಮುದ್ರದಿಂದ ರತ್ನಮ್ಮನ ಅಣ್ಣ ಮುನಿಯಪ್ಪ. ಆಂಧ್ರದ ಗಡಿಯಲ್ಲಿರುವ ಮನುಷ್ಯ, ಸಿಟ್ಟು ಬಂದರೆ ತೆಲುಗಿಗೆ ತಿರುಗುತ್ತಾರೆ. "ಏಮಿ ಬಾವಾ, ಪೆಳ್ಳಿಕಿ ಇಟ್ಲನಾ ಪಿಲಿಚೇದಿ?" ಎಂದರು. ಮದುವೆಗೆ ಹೀಗಾ ಕರೆಯೋದು ಎಂದು.

"ಯಾವ ಮದುವೆ ಭಾವ?"

"ನಿನ್ ಮಗ್ಳು ಮದ್ವೆ! ಕಂಪ್ಯೂಟರ್‌ನಾಗೆ ಕಳ್ಸಿದ್ದೀಯಲ್ಲ. ಸೋದರಮಾವ ನಾನಿಲ್ವಾ? ಮನೆಗ್ ಬಂದು ಕುಂಕುಮ ಇಟ್ಟು ಕರ್ಯಕ್ಕೆ ಕಾಲು ಬಿದ್ದೋಗಿತ್ತಾ?"

ಫೋನ್ ಇಡುವಷ್ಟರಲ್ಲಿ ಇನ್ನೊಂದು, ಮತ್ತೊಂದು. ಮುನಿರಾಜುವಿನ ಆ ಮಹಾಪತ್ರಿಕೆ ನನ್ನ ಹೆಸರಿನಲ್ಲಿ, ನನ್ನ ವಿಳಾಸ ಪಟ್ಟಿಯಲ್ಲಿದ್ದ ಎಲ್ಲರಿಗೂ ಹೋಗಿತ್ತು. ಮೂವತ್ತು ವರ್ಷದ ನೌಕರಿಯಲ್ಲಿ ನಾನು ಇಷ್ಟು ಚುರುಕಾಗಿ ಟಪಾಲು ಬಟವಾಡೆ ಮಾಡಿದ್ದೇ ಇಲ್ಲ.

ತಲೆಗೆ ಎಣ್ಣೆ ಹಚ್ಚಿಕೊಂಡಿದ್ದ ಮಗಳು ಚೈತ್ರಾ ಹಾಗೇ ಎದ್ದು ಬಂದಳು. ಕೋಲಾರದಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ, ಯಾವುದಕ್ಕೂ ಗಾಬರಿಯಾಗುವವಳಲ್ಲ. ಮೊದಲು ಇಂಟರ್‌ನೆಟ್ ವೈರನ್ನು ಕಿತ್ತಳು. ತನ್ನ ಮೊಬೈಲಿನಿಂದ ನನ್ನ ಈಮೇಲಿನ ಪಾಸ್‌ವರ್ಡ್ ಬದಲಿಸಿದಳು. ನಾನು ಕಟ್ಟಿಹಾಕಿದ್ದ ಆಂಟಿವೈರಸ್ಸನ್ನು ಬಿಡಿಸಿ, ಇಡೀ ಕಂಪ್ಯೂಟರ್ ಜಾಲಾಡಲು ಹಚ್ಚಿದಳು. ಆಮೇಲೆ, "ಅಪ್ಪಾ, ಬೇತಮಂಗಲದೋರ ಅಡ್ರೆಸ್ಸೂ ಈ ಪಟ್ಟೀಲಿ ಇತ್ತಾ?" ಎಂದು ಕೇಳಿದಳು.

ಬೇತಮಂಗಲದ ನಂಜುಂಡಪ್ಪನವರಿಗೆ ಹದಿನೈದು ದಿನದ ಹಿಂದೆ ನಾನೇ ಚೈತ್ರಾಳ ಜಾತಕ ಈಮೇಲ್ ಮಾಡಿದ್ದೆ. ಅವರ ಮಗ ಹರೀಶ ಪಶು ಆಸ್ಪತ್ರೆಯಲ್ಲಿದ್ದಾನೆ. ಹುಡುಗ ಹುಡುಗಿ ಒಪ್ಪಿದ್ದರು. ಮುಂದಿನ ಭಾನುವಾರ ಅವರು ಬಂದು ಮಾತು ಮುಗಿಸಬೇಕಿತ್ತು. ಈಗ ಅವರ ಕೈಗೆ, ಬೇರೆಲ್ಲೋ ನನ್ನ ಮಗಳ ಮದುವೆ ಎಂಬ ಕರೆ ನಾನೇ ತಲುಪಿಸಿದ್ದೇನೆ!

ನಂಜುಂಡಪ್ಪನವರ ಫೋನ್ ಸ್ವಿಚ್ ಆಫ್. ಹರೀಶನದೂ ಆಫ್.

ಚೈತ್ರಾ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು. "ಅಪ್ಪಾ, ಅವ್ರು ಬ್ಯಾಡ ಅಂದ್ರೆ ನಾನು ಇನ್ನೊಬ್ರು ಮುಂದೆ ಕಾಫಿ ತಟ್ಟೆ ಇಡ್ಕೊಂಡು ನಿಂತ್ಕಳಲ್ಲ" ಎಂದು ಒಳಗೆ ಹೋದಳು. ಅವಳಿಗೆ ಅವನು ಅಷ್ಟು ಇಷ್ಟವಾಗಿದ್ದಾನೆಂದು ನನಗೆ ಗೊತ್ತಾದದ್ದು ಆಗಲೇ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಎದ್ದೇಳ್ರೀ, ಓಗಿ ಕಾಲಿಗ್ ಬೀಳಾಣ" ಎಂದು ರತ್ನಮ್ಮ ಬಾಳೆಹಣ್ಣು, ಹೂವು ಕಟ್ಟಿಕೊಂಡಳು. ಬೇತಮಂಗಲದ ಬಸ್ಸಿನಲ್ಲಿ ದಾರಿಯುದ್ದಕ್ಕೂ ನಾನು ಪಟ್ಟಿಯಲ್ಲಿದ್ದವರಿಗೆಲ್ಲ ಫೋನ್ ಮಾಡುತ್ತಲೇ ಇದ್ದೆ. "ನನ್ನ ಹೆಸರಲ್ಲಿ ಬಂದ ಪತ್ರಿಕೆ ತೆಗೀಬೇಡಿ. ನಾನು ಏನು ಕಳಿಸಿದರೂ ಮುಟ್ಟಬೇಡಿ." ಪಕ್ಕದ ಸೀಟಿನವರು ಸ್ವಲ್ಪ ದೂರ ಸರಿದು ಕೂತರು.

ನಂಜುಂಡಪ್ಪನವರು ಪಡಸಾಲೆಯಲ್ಲಿ ಮುಖ ಸಣ್ಣದು ಮಾಡಿಕೊಂಡು ಕೂತಿದ್ದರು. ಹರೀಶ ಅಲ್ಲೇ ಕಂಪ್ಯೂಟರಿನ ಮುಂದೆ ಬೆನ್ನು ತಿರುಗಿಸಿ ಕೂತಿದ್ದ. ನಾನು ಬಸ್ಸಿನಲ್ಲಿ ಸಿದ್ಧಪಡಿಸಿದ್ದ ಕ್ಷಮಾಪಣೆಯನ್ನು ಒಂದೇ ಉಸಿರಿಗೆ ಒಪ್ಪಿಸಿದೆ. ಮುನಿರಾಜು ಯಾರೋ ಗೊತ್ತಿಲ್ಲ, ಮದುವೆ ಸುಳ್ಳು, ಕಾವಲು ತೆಗೆದು ಫೈಲ್ ತೆರೆದವನು ನಾನು, ನಮ್ಮ ಹುಡುಗಿಯ ತಪ್ಪು ಎಳ್ಳಷ್ಟೂ ಇಲ್ಲ ಎಂದೆ.

ನಂಜುಂಡಪ್ಪನವರು ನಿಧಾನವಾಗಿ ತಲೆ ಎತ್ತಿದರು. "ಆಗಿದ್ರೆ ಹುಡ್ಗೀನ ಬೇರೆಯೋರಿಗೆ ಕೊಡ್ತಿಲ್ವಾ?"

"ಇಲ್ಲ ಸ್ವಾಮಿ!"

"ಮತ್ತೆ ಗಂಡು ಯಾರು ಅಂತ ನೋಡಾಣ ಅಂತ ನಾನೂ ತೆರ್ದೆ. ಆ ಕೆಂಪುದು ಬ್ಯಾಡ ಬ್ಯಾಡ ಅಂತು. ಆಫ್ ಮಾಡಿ ತೆರ್ದೆ."

"ಆಮೇಲೆ?" ಎಂದೆ.

"ಆಮೇಲೇನು, ನಮ್ಮ ನೆಂಟ್ರಿಗೆಲ್ಲ ನನ್ ಎಸ್ರಲ್ಲಿ ಓಯ್ತು, ನಮ್ಮ ಮಗಳ ಮದುವೆ ಬನ್ನಿ ಅಂತ. ನನಗಿರೋದು ಇವ್ನೊಬ್ನೇ ಮಗ. ಮಗಳು ಯಾವಾಗ ಉಟ್ಟಿದ್ಲು, ಎಲ್ಲಿ ಇಟ್ಟಿದ್ದೆ ಅಂತ ಎಲ್ಲಾರೂ ಕೇಳ್ತಾವ್ರೆ. ಅದಕ್ಕೇ ಇಬ್ರೂ ಫೋನ್ ಆಫ್ ಮಾಡಿ ಕುಂತಿದ್ದೀವಿ."

ಮೊದಲು ನಕ್ಕವನು ಹರೀಶ. ಬೆಳಗ್ಗೆಯಿಂದ ಅನ್ನ ಮುಟ್ಟಿರಲಿಲ್ಲವಂತೆ. ಒಳಗೆ ಹೋಗಿ ತಾನೇ ತಟ್ಟೆ ಹಾಕಿಕೊಂಡ. ಚೈತ್ರಾಳಿಗೆ ಹೇಗಿದೆ ಎಂದು ರತ್ನಮ್ಮನನ್ನು ಕೇಳಿದ. ಪುಣ್ಯಾತ್ಮ ಕಂಪ್ಯೂಟರಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಬೀಗರೇ, ಎರಡೂ ಕಡೆ ನೆಂಟ್ರನ್ನ ಕರ್ದಾಗಿದೆ, ಇನ್ನು ಮದ್ವೆ ಒಂದು ಮಾಡಿಬಿಡಾಣ" ಎಂದರು ನಂಜುಂಡಪ್ಪನವರು. ಬೀಗರೇ ಎಂಬ ಮಾತು ಕೇಳಿ ನನಗೆ ಕಣ್ಣು ತುಂಬಿ ಬಂತು. ಜಾತಕದಲ್ಲಿ ಎಷ್ಟು ಗುಣ ಕೂಡಿತ್ತೋ ನೆನಪಿಲ್ಲ, ಬೀಗರ ಗುಣ ಮಾತ್ರ ಪೂರ್ತಿ ಕೂಡಿತ್ತು.

ಮಾಘ ಮಾಸಕ್ಕೆ ಮದುವೆ ನಿಗದಿಯಾಯಿತು. ಎಲ್ಲರಿಗೂ ಸುಲಭವಾಗಲೆಂದು ನಿಜವಾದ ಲಗ್ನಪತ್ರಿಕೆಯನ್ನು ಈಮೇಲ್ ಮಾಡಿದೆ. ಒಬ್ಬರೂ ತೆರೆಯಲಿಲ್ಲ. ನನ್ನ ಜೀವಮಾನದಲ್ಲಿ ನನ್ನ ಮಾತನ್ನು ಜನ ಇಷ್ಟು ಶ್ರದ್ಧೆಯಿಂದ ಪಾಲಿಸಿದ್ದು ಅದೊಂದೇ ಸಲ. ಕೊನೆಗೆ ಅಚ್ಚು ಹಾಕಿಸಿದ ಪತ್ರಿಕೆಯ ಚೀಲ ಹೆಗಲಿಗೇರಿಸಿ, ಕುಂಕುಮದ ಭರಣಿಯೊಂದಿಗೆ ಗಂಡ ಹೆಂಡತಿ ಊರೂರು ತಿರುಗಿದೆವು. ದೊಡ್ಡಪ್ಪನ ಮಗನ ಮನೆಗೂ ಹೋದೆವು. ಮೂರು ವರ್ಷದ ಮೇಲೆ ಅವನು ನನ್ನನ್ನು ಒಳಗೆ ಕರೆದು ಕೂರಿಸಿದ.

ಕಾಮಸಮುದ್ರದಲ್ಲಿ ಮುನಿಯಪ್ಪ ಭಾವನ ಹಣೆಗೆ ಕುಂಕುಮವಿಟ್ಟು, ತಟ್ಟೆಯಲ್ಲಿ ಪತ್ರಿಕೆ ಹಿಡಿದೆ. ಅವರು ಲಕೋಟೆಯ ಮೂಲೆಯನ್ನು ಎರಡು ಬೆರಳಲ್ಲಿ ಎತ್ತಿ, ಬೆಳಕಿಗೆ ಹಿಡಿದು, ಹಿಂದೆ ಮುಂದೆ ನೋಡಿದರು. ನನ್ನನ್ನು ಕೇಳಲಿಲ್ಲ. ತಂಗಿಯ ಕಡೆ ತಿರುಗಿದರು.

"ರತ್ನಾ, ಇದನ್ನ ತೆಗೀಬೋದಾ?"

"ತೆಗಿ ಅಣ್ಣಾ, ಬರ್ಸಿದ್ದು ನಾನು" ಎಂದಳು ರತ್ನಮ್ಮ.

ಆಮೇಲೇ ಅವರು ತೆಗೆದರು.