ಹುಗ್ಗಿಗೆ ಅಡ್ಡ ಹಿಡಿದ ಕೈ

ಬಡಿಸುವವನು ನಮ್ಮವನಾದರೆ ಯಾವ ಪಂಕ್ತಿಯಲ್ಲಿ ಕೂತರೇನು ಎಂದು ಗಾದೆ ಕಟ್ಟಿದವರು ಖಂಡಿತ ಬಡಿಸುವವನ ಸಂಬಂಧಿಕರೇ ಇರಬೇಕು. ಕಡೇ ಸಾಲಿನಲ್ಲಿ ಕೂತು ಬರೀ ಸಾರು ಉಂಡು ಎದ್ದವರು ಗಾದೆ ಕಟ್ಟುವುದಿಲ್ಲ. ಮನೆಗೆ ಬಂದು ಮಂಡಕ್ಕಿ ತಿನ್ನುತ್ತಾರೆ. ದೇವರು ನನ್ನ ಕೈಗೆ ಬಂಗಾರದ ಪಾಟಲಿ ಕೊಡಲಿಲ್ಲ ನಿಜ. ಆದರೆ ಪಂಕ್ತಿಯಲ್ಲಿ ಚಕ್ಕಳಮಕ್ಕಳ ಹಾಕಿ ಕೂರಲು ಮಡಚುವ ಮೊಣಕಾಲು ಕೊಟ್ಟಿದ್ದಾನೆ, ಸೋರದ ಮಾಳಿಗೆ ಕೊಟ್ಟಿದ್ದಾನೆ, ಹಾಡುವ ಅತ್ತೆಯನ್ನು ಕೊಟ್ಟಿದ್ದಾನೆ. ಬೈಯುವ ಅತ್ತೆಯನ್ನು ಎಲ್ಲರಿಗೂ ಕೊಡುತ್ತಾನೆ. ನನ್ನತ್ತೆ ಬೈದರೂ ರಾಗವಾಗಿ ಬೈಯುತ್ತಾರೆ.

ಅವರ ತವರು ಹೊಳೆದಂಡೆಯ ಮಾಗಳ. ಒಮ್ಮೆ ಅಲ್ಲಿಗೆ ಹೋಗಿದ್ದಾಗ ಸರಕಾರಿ ಕನ್ನಡ ಚಾನಲ್ಲಿನವರು ಕ್ಯಾಮೆರಾ ಹೊತ್ತುಕೊಂಡು ಬಂದು, ಅವರನ್ನು ಬೀಸುವ ಕಲ್ಲಿನ ಮುಂದೆ ಕೂರಿಸಿ ಪದ ಹಾಡಿಸಿಕೊಂಡು ಹೋಗಿದ್ದರು. ಶ್ರಾವಣದಲ್ಲಿ ಫೋನು ಬಂತು, ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಸಂಜೆ ಪ್ರಸಾರ ಅಂತ. ಕೊಟ್ಟೂರಿನ ನಮ್ಮ ಓಣಿಗೆಲ್ಲ ನಾನೇ ಸಾರಿಬಂದೆ. ಡಂಗುರದವನಿಗೂ ಅಷ್ಟು ಗಂಟಲಿಲ್ಲ. ಕೊತ್ತಂಬರಿ ಮಾರುವವಳು ಸಂತೋಷಕ್ಕೆ ಒಂದು ಕಟ್ಟು ಹೆಚ್ಚಿಗೆ ಕೊಟ್ಟಳು. ಎಲ್ಲರಿಗೂ ಹೇಳಿ ಮುಗಿಸಿ ಮನೆಗೆ ಬಂದು ಟೀವಿ ಹಾಕಿದರೆ ಆ ಚಾನಲ್ಲೇ ಇಲ್ಲ! ಗುಂಡಿ ಒತ್ತುತ್ತ ಒತ್ತುತ್ತ ಎಲ್ಲದರ ಕೊನೆಗೆ ಸಿಕ್ಕಿತು, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಪರದೆ ತುಂಬ ಚುಕ್ಕಿ. ವಾರ್ತೆ ಓದುತ್ತಿರುವುದು ಗಂಡಸೋ ಹೆಂಗಸೋ ತಿಳಿಯದು. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, “ಇದ್ರಾಗ ನಾನು ಹಾಡಿದ್ರೂ ಅಷ್ಟ, ಬೀಸೋ ಕಲ್ಲು ಹಾಡಿದ್ರೂ ಅಷ್ಟ ಬಿಡವಾ ಶಾಂತವ್ವ” ಎಂದು ನಕ್ಕರು. ನಕ್ಕರೇನೋ ಹೌದು, ಅವತ್ತೆಲ್ಲ ಹಾಡಲಿಲ್ಲ. ಬೈಯಲೂ ಇಲ್ಲ. ನನಗೆ ಭಯವಾದದ್ದು ಅದಕ್ಕೇ.

ಓಣಿಗೆಲ್ಲ ಕೇಬಲ್ ಎಳೆದವನು ವೀರೇಶಿ. ಕೇಬಲ್ ಬಂದ ಹೊಸದರಲ್ಲಿ ನಾನು ಜಂಬದಿಂದ ಆಂಟೆನಾ ಕೀಳಿಸಿ ಹೀರೇಬಳ್ಳಿಗೆ ಆಸರೆ ಮಾಡಿದ್ದೆ. ಹೀರೇಕಾಯಿ ಚೆನ್ನಾಗಿಯೇ ಬಿಟ್ಟವು, ಸುಳ್ಳು ಹೇಳಬಾರದು. ಆದರೆ ಈಗ ಜಗತ್ತೆಲ್ಲ ವೀರೇಶಿಯ ತಂತಿಯೊಳಗಿಂದಲೇ ನಮ್ಮ ಮನೆಗೆ ಬರಬೇಕು. ಮೊದಲನೇ ನಂಬರಿನಲ್ಲಿ ಅವನದೇ ಚಾನಲ್. ಅದರಲ್ಲಿ ಮೂರು ಹೊತ್ತೂ ಅವನ ಭಾಮೈದನ ಸೀರೆ ಅಂಗಡಿಯ ಜಾಹೀರಾತು. ಅವನನ್ನು ದಾರಿಯಲ್ಲೇ ತಡೆದು ಕೇಳಿದೆ.

“ವೀರೇಶಿ, ಸರಕಾರಿ ಚಾನಲ್ ಯಾಕ ನೆಟ್ಟಗ ಕಾಣವಲ್ದು?”

“ಅಕ್ಕಾರ, ದೊಡ್ಡ ಕಂಪನ್ಯಾರು ರೊಕ್ಕ ಕೊಟ್ಟು ಮುಂದಿನ ನಂಬರ್ ಹಿಡದಾರ. ಇದು ಪುಕ್ಕಟೆ ಚಾನಲ್. ಹಿಂದ ಕುಂತೈತಿ, ಕುಂದರ್ಲಿ ಬಿಡ್ರಿ.”

“ನಮ್ಮತ್ತಿ ಬರ್ತಾರಲೇ ಅದ್ರಾಗ!”

“ಹೌದೇನ್ರಿ? ಹಂಗಾರ ನನ್ನ ಚಾನಲ್ದಾಗ ಹಾಡಸೋಣ ಬರ್ರಿ. ನಮ್ಮ ಭಾಮೈದನ ಅಂಗಡಿ ಸೀರಿ ಉಡಿಸಿದ್ರಾತು.”

ಅತ್ತೆಗೆ ಹೇಳಿದೆ. “ನನ್ನ ಪದ ಸೀರಿ ಮಾರಾಕ ಹುಟ್ಟಿಲ್ಲ” ಎಂದು ಗೋಡೆಯ ಕಡೆ ಹೊರಳಿ ಮಲಗಿದರು.

ಹರಪನಹಳ್ಳಿಯಲ್ಲಿ ಇಂಟರ್ನೆಟ್ ಅಂಗಡಿ ಇಟ್ಟಿರುವ ನನ್ನ ತಮ್ಮನಿಗೆ ಫೋನು ಮಾಡಿ ಗೋಳು ತೋಡಿಕೊಂಡೆ. “ಅಕ್ಕಾ, ನಿಂದು ಒಂದು ಓಣಿ ಗೋಳು. ನಾಳೆ ಸುದ್ದಿ ಎಲ್ಲಾ ನನ್ನ ಅಂಗಡ್ಯಾಗಿನ ತಂತಿಯೊಳಗ ಬರ್ತೈತಿ. ತಂತಿ ಹಿಡದ ಕಂಪನಿ ತನಗ ಬೇಕಾದವರ ಪುಟ ಓಡಿಸಿ, ಬ್ಯಾಡಾದವರದ್ದು ತೆವಳಿಸಿದ್ರ ಏನ್ ಮಾಡ್ತಿ? ನೋಡೋರು ತಮ್ಮ ಕಂಪ್ಯೂಟರೇ ಕೆಟ್ಟೈತಿ ಅಂತ ಸುಮ್ಮನಾಕ್ಕಾರ” ಎಂದ. ಕಂಪ್ಯೂಟರು ನನಗೆ ತಿಳಿಯದು. ಆದರೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಕೂರಿಸಿ, ರೊಕ್ಕದವನ ಎಲೆಗೆ ತುಪ್ಪ, ಇಲ್ಲದವನ ಎಲೆಗೆ ತುಪ್ಪದ ವಾಸನೆ ಬಡಿಸುವುದು ತಿಳಿಯದೇ? ಅದಕ್ಕೆ ನಮ್ಮ ಹಿರಿಯರು ಎಂದೋ ಹೆಸರಿಟ್ಟಿದ್ದಾರೆ, ಪಂಕ್ತಿಭೇದ ಅಂತ.

ಸೋಮವಾರ ಮಠದಲ್ಲಿ ದಾಸೋಹ. ಶ್ರಾವಣದಲ್ಲಿ ಗೋಧಿಹುಗ್ಗಿಯ ಬಕೆಟ್ ಹಿಡಿಯುವುದು ವೀರೇಶಿಗೆ ಅಪ್ಪನಿಂದ ಬಂದ ಸೇವೆ. ಆ ಕೆಲಸದಲ್ಲಿ ಅವನಿಗೆ ಹೆಸರಿಡುವಂತಿಲ್ಲ: ಗೌಡರ ಎಲೆಗೂ ಅದೇ ಸೌಟು, ಕುರಿ ಕಾಯುವ ಮಲ್ಲಣ್ಣನ ಎಲೆಗೂ ಅದೇ ಸೌಟು. ನನ್ನೆದುರು ಬಂದು ಬಗ್ಗಿದ. ನಾನು ಎಲೆಯ ಮೇಲೆ ಕೈ ಅಡ್ಡ ಹಿಡಿದೆ. ನಮ್ಮಲ್ಲಿ ಅನ್ನಕ್ಕೆ ಸಾಕೆನ್ನಬಹುದು, ಸಾರಿಗೆ ಸಾಕೆನ್ನಬಹುದು; ದಾಸೋಹದ ಹುಗ್ಗಿಗೆ ಮೊದಲ ಸೌಟಿಗೇ ಕೈ ಅಡ್ಡ ಬಂದರೆ ಬಡಿಸುವವನ ಸೇವೆ ಒಪ್ಪಿಗೆಯಾಗಲಿಲ್ಲ ಎಂದೇ ಲೆಕ್ಕ. ಪಕ್ಕದ ಮನೆಯ ಗೌರಮ್ಮ, ಪಾಪ, ಹುಗ್ಗಿಗಾಗಿಯೇ ಬೆಳಗಿನಿಂದ ಉಪವಾಸ ಇದ್ದವಳು, ಬಕೆಟ್ಟಿನಿಂದ ಕಣ್ಣು ತೆಗೆಯದೆಯೇ ತಾನೂ ಕೈ ಅಡ್ಡ ಹಿಡಿದಳು. ಹಾಗೇ ಒಂದೊಂದೇ ಕೈ ಎಲೆಗೆ ಅಡ್ಡ ಬಂದು, ಸಾಲಿನ ಕೊನೆಯವರೆಗೂ ಬಳೆ ಸದ್ದು ಸಾಗಿತು.

ವೀರೇಶಿಯ ಮುಖ ಸಣ್ಣದಾಯಿತು. “ಏನ್ ತಪ್ಪಾತ್ರಿ ಅಕ್ಕಾರ?”

“ಹುಗ್ಗಿ ನೀಡೋವಾಗ ಯಾರು ರೊಕ್ಕ ಕೊಟ್ಟಾರ, ಯಾರು ಇಲ್ಲ ಅಂತ ನೋಡ್ತಿಯೇನು?”

“ಬಿಡ್ತು ಅನ್ರಿ! ಸ್ವಾಮಿ ಪಂಕ್ತ್ಯಾಗ ಭೇದ ಮಾಡ್ತಾರೇನ್ರಿ?”

“ಹಂಗಾರ ಟೀವ್ಯಾಗ ಯಾಕ ಮಾಡ್ತಿ? ಅಲ್ಲೂ ನೀನಽ ಬಡಿಸೋನು, ಇಲ್ಲೂ ನೀನಽ.”

ಸೌಟು ಅಲ್ಲೇ ನಿಂತಿತು. ಅದನ್ನು ಮತ್ತೆ ಬಕೆಟ್ಟಿಗೆ ಇಳಿಸಿ, “ಮೊದಲ ಉಣ್ರಿ. ಸಂಜಿಕ ಕಂಬ ಹತ್ತಿ ಆ ಚಾನಲ್ ನೆಟ್ಟಗ ಮಾಡ್ತೀನಿ” ಎಂದ. ಎಲ್ಲರಿಗಿಂತ ಮೊದಲು ಕೈ ತೆಗೆದವಳು ಗೌರಮ್ಮ.

ಹತ್ತಿದ, ಮಾತಿಗೆ ತಪ್ಪಲಿಲ್ಲ. ಭಾನುವಾರ ಸಂಜೆ ನಮ್ಮ ಪಡಸಾಲೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಪರದೆಯ ಮೇಲೆ ಅತ್ತೆ, ಹಣೆಯ ವಿಭೂತಿ ಎಣಿಸುವಷ್ಟು ಸ್ವಚ್ಛ! ಅವರ ದನಿ ಪಡಸಾಲೆ ದಾಟಿ ಓಣಿಗೆ ಹರಿಯಿತು. ಎದುರು ಮನೆಯಲ್ಲೂ ಅದೇ ದನಿ, ಅದರಾಚೆ ಮನೆಯಲ್ಲೂ ಅದೇ. ಓಣಿ ಪೂರಾ ನನ್ನತ್ತೆ! ನನ್ನ ಎದೆ ಹಪ್ಪಳದ ಹಾಗೆ ಉಬ್ಬಿತು. ಅತ್ತೆ ಮಾತ್ರ ತಮ್ಮನ್ನೇ ತಾವು ನೋಡಿ, “ಮುದುಕಿ ಚಲೋ ಹಾಡ್ತಾಳ” ಅಂದರು.

ಮುಗಿದ ಮೇಲೆ ನಮ್ಮ ಮನೆಯಲ್ಲೂ ಹುಗ್ಗಿ. ನಮ್ಮ ಯಜಮಾನರು, ವೀರೇಶಿ, ಅತ್ತೆ, ಗೌರಮ್ಮ, ಎಲ್ಲ ಒಂದೇ ಸಾಲು. ಓಣಿಗೆ ನ್ಯಾಯ ಕೊಡಿಸಿದವಳು ನಾನಲ್ಲವೇ, ಸೆರಗು ಸಿಕ್ಕಿಸಿಕೊಂಡು ತುಪ್ಪ ಬಡಿಸುತ್ತ ಬಂದೆ. ಯಜಮಾನರಿಗೆ ಒಂದು ಮಿಳ್ಳೆ. ಮುಂದೆಯೂ ಚಾನಲ್ ಹೀಗೇ ಕಾಣಬೇಕಲ್ಲ ಎಂದು ವೀರೇಶಿಯ ತಾಟಿಗೆ ಎರಡು ಮಿಳ್ಳೆ ಸುರಿದು, ಅತ್ತೆಯ ಮುಂದೆ ಬಂದು ಬಗ್ಗಿದೆ.

ಅತ್ತೆ ತಾಟಿನ ಮೇಲೆ ಕೈ ಅಡ್ಡ ಹಿಡಿದು ಕೂತಿದ್ದರು. ಕಣ್ಣು ವೀರೇಶಿಯ ತಾಟಿನ ಮೇಲೆ. ಗೌರಮ್ಮನೂ ಹಿಡಿದಳು. ಏನೂ ತಿಳಿಯದ ನಮ್ಮ ಯಜಮಾನರೂ ಯಾವುದಕ್ಕೂ ಇರಲಿ ಎಂದು ಹಿಡಿದರು. ನಾನು ಮಿಳ್ಳೆ ಹಿಡಿದು ನಿಂತೇ ಇದ್ದೆ. ವೀರೇಶಿ ಹುಗ್ಗಿ ಕಲಸುತ್ತ, ತಲೆ ಎತ್ತದೆ ಹೇಳಿದ:

“ಅಕ್ಕಾರ, ಬಡಿಸೋದಕ್ಕಿಂತ ಕಂಬ ಹತ್ತೋದು ಹಗುರ ನೋಡ್ರಿ.”