ನಾಲ್ಕು ಊರಿನ ಹನ್ನೆರಡೂವರೆ

ಪ್ರತಿಯೊಂದು ಕುಟುಂಬದಲ್ಲೂ ಯಾವುದಾದರೂ ಒಂದು ವಿಷಯಕ್ಕೆ ಒಬ್ಬ ತಜ್ಞ ಇರುತ್ತಾನೆ. ಅವನನ್ನು ಯಾರೂ ನೇಮಿಸಿರುವುದಿಲ್ಲ. ಎಂದೋ ಒಮ್ಮೆ ಅವನು ಹೇಳಿದ್ದು ಅಕಸ್ಮಾತ್ತಾಗಿ ಸರಿಯಾಗಿರುತ್ತದೆ, ಅಷ್ಟೆ. ಅಲ್ಲಿಂದ ಮುಂದೆ ಅವನಿಗೆ ಬಿಡುಗಡೆಯಿಲ್ಲ. ನನ್ನ ತಂಗಿಯ ಗಂಡ ರಮೇಶ ನಮ್ಮಲ್ಲಿ ಮಿಕ್ಸಿ ರಿಪೇರಿಯ ತಜ್ಞ. ಅವನು ಕೈಯಿಟ್ಟ ಮಿಕ್ಸಿಗಳೆಲ್ಲ ಈಗ ಅಟ್ಟದ ಮೇಲೆ ಶಾಶ್ವತ ವಿಶ್ರಾಂತಿಯಲ್ಲಿವೆ. ನಾನು ಹೊರದೇಶಗಳ ಟೈಮ್ ಹೇಳುವ ತಜ್ಞ. ಮದರಾಸು ಬಿಟ್ಟು ಹೊರಗೆ ಹೆಚ್ಚೆಂದರೆ ಕುಂದಾಪುರದವರೆಗೆ ಹೋಗಿಬರುವ, ವಿಮೆ ಕಚೇರಿಯ ಒಬ್ಬ ಅಧಿಕಾರಿಗೆ ಈ ಪದವಿ ಹೇಗೆ ಬಂತು ಎಂದು ನೀವು ಕೇಳಬಹುದು. ಕ್ರಿಕೆಟ್ಟಿನಿಂದ ಬಂತು. ಆಸ್ಟ್ರೇಲಿಯಾದಲ್ಲಿ ಮ್ಯಾಚ್ ಎಷ್ಟು ಗಂಟೆಗೆ ಶುರು, ವೆಸ್ಟ್ ಇಂಡೀಸಿನಲ್ಲಿ ಊಟದ ವಿರಾಮ ನಮಗೆ ಎಷ್ಟು ಹೊತ್ತಿಗೆ ಎಂಬುದೆಲ್ಲ ಚಿಕ್ಕಂದಿನಿಂದ ನನಗೆ ಬಾಯಿಪಾಠ. ಓದಿನ ಕಾಲದಲ್ಲಿ ಈ ಜ್ಞಾನವನ್ನು ಯಾರೂ ಮೆಚ್ಚಿದವರಲ್ಲ. ನಂಟರಿಷ್ಟರ ಮಕ್ಕಳು ಒಬ್ಬೊಬ್ಬರಾಗಿ ವಿಮಾನ ಹತ್ತತೊಡಗಿದ ಮೇಲೆ ಒಮ್ಮೆಲೇ ನನಗೆ ಬೆಲೆ ಬಂತು.

ಈಗ ಯಾರ ಫೋನಿನಲ್ಲಾದರೂ ಯಾವ ಊರಿನ ಟೈಮಾದರೂ ಸಿಗುತ್ತದೆ, ನಿಜ. ನನ್ನ ಸೊಸೆ, ಅಂದರೆ ತಂಗಿ ಗಿರಿಜೆಯ ಮಗಳು ಮೈತ್ರಿ, ಇದನ್ನು ನನಗೆ ಹಲವು ಸಲ ಹೇಳಿದ್ದಾಳೆ. "ಏನ್ ಮಾಮಾ, ಬೆರಳು ಮಡಿಸ್ಕೊಂಡು ಎಣಿಸ್ತೀರಲ್ಲ! ಫೋನಲ್ಲಿ ಒಂದು ಸಲ ತಟ್ಟಿ ನೋಡಿ, ಬಂದ್ಬಿಡತ್ತೆ" ಎನ್ನುತ್ತಾಳೆ. ಮದರಾಸಿನಲ್ಲೇ ಹುಟ್ಟಿ ಬೆಳೆದ ಹುಡುಗಿ. ಕನ್ನಡದಲ್ಲಿ ಶುರು ಮಾಡಿ ತಮಿಳಿನಲ್ಲಿ ತಿರುಗಿ ಇಂಗ್ಲಿಷಿನಲ್ಲಿ ನಿಲ್ಲುತ್ತಾಳೆ. ಪೋರೂರಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗದಲ್ಲಿದ್ದಾಳೆ. ಅವಳಿಗೇನು ಗೊತ್ತು? ಫೋನ್ ನೋಡಿ ಹೇಳುವುದು ಕಾಪಿ ಹೊಡೆದು ಪಾಸಾದ ಹಾಗೆ. ಕಣ್ಣು ಅರೆಮುಚ್ಚಿ, ತುಟಿ ಅಲ್ಲಾಡಿಸಿ, "ಅಲ್ಲೀಗ ರಾತ್ರಿ ಹತ್ತು, ನಿನ್ನೆಯದು" ಎಂದು ಹೇಳುವಾಗ ಎದುರಿಗಿದ್ದವರ ಮುಖದಲ್ಲಿ ಮೂಡುವ ಭಕ್ತಿ ಫೋನಿಗೆ ಸಿಕ್ಕೀತೆ?

ಈ ಮೈತ್ರಿಗೇ ಒಂದು ಸಂಬಂಧ ಬಂತು. ಹುಡುಗ ಪ್ರಣವ, ಆಕ್ಲೆಂಡಿನಲ್ಲಿ ಎಂಜಿನಿಯರು. ಅಕ್ಷತಾ ಎಂಬ ತಂಗಿ, ಮದುವೆಯಾಗಿ ಡಬ್ಲಿನ್‌ನಲ್ಲಿದ್ದಾಳೆ. ತಂದೆತಾಯಿ ಇಲ್ಲದ ಇಬ್ಬರನ್ನೂ ಓದಿಸಿ ದೊಡ್ಡವರನ್ನಾಗಿ ಮಾಡಿದ್ದು ಸೋದರಮಾವ ಶ್ರೀಪತಿ ರಾಯರು, ಅವರಿರುವುದು ದುಬೈಯಲ್ಲಿ. ಮೂವರೂ ಒಟ್ಟಿಗೆ ಹುಡುಗಿಯನ್ನು ನೋಡಬೇಕು, ಅದೂ ವಿಡಿಯೋ ಕಾಲಿನಲ್ಲಿ ಎಂದು ರಾಯರ ಅಪ್ಪಣೆಯಾಯಿತು. ಹಿಂದೆ ಹುಡುಗನ ಕಡೆಯವರು ಹೆಣ್ಣು ನೋಡಲು ಬಂದರೆ ಉಪ್ಪಿಟ್ಟು ಕೇಸರಿಬಾತಿಗಾದರೂ ಬಾಯಿ ತೆರೆಯಬೇಕಿತ್ತು, ಆ ಹೊತ್ತು ಪ್ರಶ್ನೆಗಳಿಗೆ ಬಿಡುವು ಸಿಗುತ್ತಿತ್ತು. ಈಗ ಆ ಬಿಡುವೂ ಇಲ್ಲ.

"ಅಣ್ಣ, ನಾಲ್ಕು ದೇಶಕ್ಕೂ ಹೊಂದುವ ಹಾಗೆ ನೀನೇ ಒಂದು ಟೈಮ್ ಗೊತ್ತು ಮಾಡು. ನಮಗೆ ಇದೆಲ್ಲ ತಲೆಗೆ ಹೋಗುದಿಲ್ಲ" ಎಂದಳು ಗಿರಿಜೆ. ನನ್ನ ಎದೆ ಉಬ್ಬಿತು. ರಾಯರಿಗೆ ಫೋನ್ ಮಾಡಿದೆ. "ನನ್ನದೇನಿಲ್ಲ, ಯಾವ ಟೈಮಾದ್ರೂ ಆಗ್ತದೆ" ಎಂದು ಅವರು ಬಹಳ ಉದಾರವಾಗಿ ಆರಂಭಿಸಿದರು. "ಬೆಳಿಗ್ಗೆ ಹತ್ತಕ್ಕಿಂತ ಮೊದ್ಲು ಬೇಡ, ಪೂಜೆ ಉಂಟು. ಊಟದ ಹೊತ್ತಿಗೆ ಬೇಡ. ಊಟ ಆದ್ಮೇಲೆ ಸ್ವಲ್ಪ ಮಲಗ್ತೇನೆ. ಸಂಜೆ ವಾಕಿಂಗ್. ಭಾನುವಾರ ಅಲ್ದೆ ಬೇರೆ ದಿನ ಆಗ್ಲಿಕ್ಕಿಲ್ಲ. ಮತ್ತೆ, ರಾಹುಕಾಲ ಇರಬಾರ್ದು."

"ಎಲ್ಲಿಯ ರಾಹುಕಾಲ, ನಮ್ಮದಾ, ನಿಮ್ಮದಾ?" ಎಂದು ಕೇಳಿದೆ.

"ನಾಲ್ಕೂ ಕಡೆಯದ್ದು ನೋಡಿಬಿಡಿ. ಸುಮ್ಮನೆ ಯಾಕೆ ರಿಸ್ಕು?"

ಅಕ್ಷತಾಗೆ ಮಗುವಿನ ಈಜಿನ ಕ್ಲಾಸಿಗಿಂತ ಮೊದಲೇ ಆಗಬೇಕು. ಪ್ರಣವನಿಗೆ ರಾತ್ರಿ ಬೇಗ ಮಲಗಬೇಕು. ಇವರೆಲ್ಲರ ಪೂಜೆ, ನಿದ್ದೆ, ಈಜು, ವಾಕಿಂಗುಗಳ ನಡುವೆ ಒಂದು ಸಂದು ಹುಡುಕುತ್ತ ನಾನು ಒಂದು ವಾರ ಕಳೆದೆ. ಆ ವಾರದಲ್ಲಿ ಒಬ್ಬರೂ, ನನ್ನನ್ನೂ ಸೇರಿಸಿ, "ಮೈತ್ರಿಗೆ ಯಾವ ಟೈಮ್ ಅನುಕೂಲ?" ಎಂದು ಕೇಳಲಿಲ್ಲ. ಹೆಣ್ಣಿನ ಕಡೆಯ ಗಡಿಯಾರಕ್ಕೆ ಮುಳ್ಳುಗಳೇ ಇರುವುದಿಲ್ಲವಲ್ಲ. ಬೇರೆಯವರು ಹೇಳಿದಷ್ಟೇ ಅದರಲ್ಲಿ ಗಂಟೆ. ಗೊತ್ತಾದ ಭಾನುವಾರ ಬೆಳಗಿನ ಡ್ಯೂಟಿ ಇದ್ದ ಅವಳು ಆಸ್ಪತ್ರೆಯಲ್ಲಿ ಕಾಡಿಬೇಡಿ ಬೇಗ ಹೊರಡಲು ಅನುಮತಿ ಪಡೆದಳು ಎಂಬುದು ನನಗೆ ಆಮೇಲೆ ತಿಳಿಯಿತು.

ಕೊನೆಗೆ ಸಂದು ಸಿಕ್ಕಿತು. ಏಪ್ರಿಲ್ ತಿಂಗಳ ಮೊದಲ ಭಾನುವಾರ, ನಮ್ಮ ಮಧ್ಯಾಹ್ನ ಹನ್ನೆರಡೂವರೆ. ಆಗ ಡಬ್ಲಿನ್‌ನಲ್ಲಿ ಬೆಳಿಗ್ಗೆ ಏಳು, ದುಬೈಯಲ್ಲಿ ಹನ್ನೊಂದು, ಆಕ್ಲೆಂಡಿನಲ್ಲಿ ರಾತ್ರಿ ಎಂಟು. ನಾಲ್ಕೂ ಕಡೆ ರಾಹು ಸೆರೆಮನೆಯಲ್ಲಿ! ಮಾರ್ಚಿ ತಿಂಗಳ ನಡುವಿನಲ್ಲೇ ಒಬ್ಬೊಬ್ಬರಿಗೂ ಅವರವರ ಊರಿನ ಗಂಟೆಯನ್ನು ಬರೆದು ಕಳಿಸಿ, "ದಯವಿಟ್ಟು ಸಮಯಕ್ಕೆ ಸರಿಯಾಗಿ ಬನ್ನಿ" ಎಂದು ಕೆಳಗೆ ಸೇರಿಸಿದೆ. ಆ ಸಾಲು ಬೇಕಿರಲಿಲ್ಲ. ನಮ್ಮ ಜನ ಒಂದು ಸಲವಾದರೂ ತಡವಾಗಿ ಬರಬಾರದೆ?

ಆ ಭಾನುವಾರ ನಾನೂ ಹೆಂಡತಿ ಸುಮಿತ್ರೆಯೂ ಬೆಸೆಂಟ್ ನಗರದಿಂದ ಪೋರೂರಿನ ಗಿರಿಜೆಯ ಮನೆಗೆ ಮುಂಚೆಯೇ ಹೋದೆವು. ಹನ್ನೊಂದೂವರೆಯ ಸುಮಾರಿಗೆ ನಾನು ಬನಿಯನ್ ಪಂಚೆಯಲ್ಲಿ ಮೇಜಿನ ಕೆಳಗೆ ನುಗ್ಗಿ ಲ್ಯಾಪ್‌ಟಾಪಿನ ವೈರು ಸಿಕ್ಕಿಸುತ್ತಿದ್ದೆ. ಪರೀಕ್ಷೆಗೆಂದು ಕಾಲ್ ತೆರೆದಿಟ್ಟಿದ್ದೆ. ಆಗ ತಾನೇ ಡ್ಯೂಟಿ ಮುಗಿಸಿ ಬಂದು ಸ್ನಾನ ಮಾಡಿದ್ದ ಮೈತ್ರಿ ತಲೆಗೆ ಟವೆಲ್ ಸುತ್ತಿಕೊಂಡು, ತಟ್ಟೆಯಲ್ಲಿ ಮೊಸರನ್ನ ಹಿಡಿದು ಎದುರಿಗೆ ಕುಳಿತಿದ್ದಳು. ಇದ್ದಕ್ಕಿದ್ದಂತೆ ಮೇಜಿನ ಮೇಲಿಂದ ಒಂದು ಹೆಣ್ಣು ದನಿ: "ಹಲೋ, ನಮಸ್ತೆ!"

ನಾನು ಎದ್ದ ರಭಸಕ್ಕೆ ತಲೆ ಮೇಜಿಗೆ ಬಡಿಯಿತು. ಪರದೆಯ ಮೇಲೆ ಹುಡುಗನ ತಂಗಿ ಅಕ್ಷತಾ.

"ಇನ್ನೂ ಒಂದು ಗಂಟೆ ಇದೆಯಮ್ಮಾ" ಎಂದೆ, ಟೇಬಲ್ ಕ್ಲಾತನ್ನು ಎದೆಗೆ ಎಳೆದುಕೊಂಡು.

"ಇಲ್ಲ ಅಂಕಲ್, ಸರಿಯಾಗಿ ಏಳು. ನೀವೇ ಹೇಳಿದ್ದಲ್ವಾ?"

ನಾನು ಬೆರಳು ಮಡಿಸತೊಡಗಿದೆ. ಮೈತ್ರಿ ಮಾತ್ರ ಗಲಿಬಿಲಿಗೊಳ್ಳಲಿಲ್ಲ. "ಬಂದಿದ್ದು ಒಳ್ಳೇದಾಯ್ತು ಅಕ್ಕಾ, ಊಟ ಮಾಡ್ತಾ ಮಾತಾಡ್ಬೋದು. ಮಾಮಾ, ನೀವು ಮೊದ್ಲು ಶರ್ಟ್ ಹಾಕ್ಕೊಳ್ಳಿ" ಎಂದು ನನ್ನನ್ನು ಹೊರಗೆ ಕಳಿಸಿದಳು. ಒಳಗಿಂದ ಒಂದು ಗಂಟೆ ಇಬ್ಬರ ನಗು ಕೇಳುತ್ತಲೇ ಇತ್ತು. ಗಿರಿಜೆ ಬಾಗಿಲ ಬಳಿ ನಿಂತು, "ತಲೆಗೆ ಟವೆಲ್ ಸುತ್ತಿಕೊಂಡೇ ಕೂತಿದಾಳೆ! ರೇಷ್ಮೆ ಸೀರೆ ಇಸ್ತ್ರಿ ಮಾಡಿಸಿದ್ದು ಎಂತಕ್ಕೆ?" ಎಂದು ನನ್ನನ್ನೇ ಕೇಳಿದಳು.

ಹನ್ನೆರಡೂವರೆಗೆ ದುಬೈಯ ರಾಯರು ಕೋಟು ಹಾಕಿಕೊಂಡು ಪ್ರತ್ಯಕ್ಷರಾದರು. ಅವರೊಬ್ಬರೇ ನನ್ನ ಲೆಕ್ಕದಂತೆ ಬಂದವರು. ಅಕ್ಷತಾ ಮಗುವನ್ನು ಈಜಿಗೆ ಬಿಟ್ಟು ಬರುತ್ತೇನೆಂದು ಮರೆಯಾದಳು. ಪ್ರಣವನ ಸುಳಿವೇ ಇಲ್ಲ. ಫೋನಿಗೂ ಸಿಗಲಿಲ್ಲ. ಹುಡುಗನಿಲ್ಲದೆ ಹುಡುಗಿ ನೋಡುವ ಶಾಸ್ತ್ರ ಶುರುವಾಯಿತು. ಎತ್ತರ, ಅಡುಗೆ, ಗೋತ್ರ ಎಲ್ಲ ಹತ್ತು ನಿಮಿಷಕ್ಕೆ ಮುಗಿದವು. ಕೇಳಲು ಏನೂ ಉಳಿಯದಿದ್ದಾಗ ಮನುಷ್ಯ ಮನಸ್ಸಿನಲ್ಲಿರುವುದನ್ನು ಹೇಳುತ್ತಾನೆ.

"ನೋಡಮ್ಮ, ಈ ಕೈಕಾಲು ಹಿಡಿದು ಎಳೆಯುವ ಕೆಲಸ ಎಲ್ಲ ಮದುವೆ ಆದ್ಮೇಲೆ ಬೇಡ. ನಮ್ಮ ಮನೆತನಕ್ಕೆ ಅದು ಸರಿ ಹೋಗುದಿಲ್ಲ" ಎಂದರು ರಾಯರು.

ಗಿರಿಜೆ ನೆಲ ನೋಡಿದಳು. ನಾನು ಸೀಲಿಂಗ್ ಫ್ಯಾನ್ ನೋಡಿದೆ. ರಮೇಶ ಯಾವುದಾದರೂ ಮಿಕ್ಸಿ ಕೆಟ್ಟಿದೆಯೋ ಎಂದು ಅಡುಗೆಮನೆಯ ಕಡೆ ನೋಡಿದ. ಮೈತ್ರಿ ಮಾತ್ರ ಪರದೆಯನ್ನೇ ದಿಟ್ಟಿಸುತ್ತಿದ್ದಳು.

"ಅಂಕಲ್, ನೀವು ಆಗಿಂದ ಬಲಗೈ ಎತ್ತಲೇ ಇಲ್ಲ. ಕನ್ನಡಕ ಸರಿಮಾಡಿಕೊಳ್ಳೋಕೂ ಎಡಗೈ. ಭುಜ ನೋವಾ?"

ರಾಯರು ತಡವರಿಸಿದರು. "ಅದು... ಸ್ವಲ್ಪ ಹಿಡ್ಕೊಂಡಿದೆ. ಆರು ತಿಂಗಳಾಯ್ತು."

"ಡಾಕ್ಟರಿಗೆ ತೋರಿಸಿದ್ರಾ?"

"ತೋರ್ಸಿದ್ದೆ. ದಿನಾ ವ್ಯಾಯಾಮ ಮಾಡಿ ಅಂದ್ರು. ಪುರುಸೊತ್ತು ಎಲ್ಲುಂಟು?"

"ಈಗ ಇದೆಯಲ್ಲ. ಹುಡುಗ ಇನ್ನೂ ಬಂದಿಲ್ಲ. ಎದ್ದು ಗೋಡೆ ಹತ್ರ ನಿಲ್ಲಿ" ಎಂದಳು ಮೈತ್ರಿ. ದನಿಯಲ್ಲಿ ಸಿಟ್ಟಿರಲಿಲ್ಲ, ಆಸ್ಪತ್ರೆಯಲ್ಲಿ ಬೆಳಗಿನಿಂದ ಮಾತಾಡಿದ್ದೂ ಅದೇ ದನಿಯಲ್ಲಿರಬೇಕು. "ಬೆರಳಿಂದ ಗೋಡೆ ಹತ್ತಿ, ಜೇಡ ಹತ್ತೋ ಹಾಗೆ. ಮೆಲ್ಲ ಅಂಕಲ್, ಮೆಲ್ಲ. ನೋವಾದ್ರೆ ಅಲ್ಲೇ ನಿಲ್ಸಿ. ಉಸಿರು ಬಿಡಿ."

ನನ್ನ ಕಣ್ಣನ್ನು ನಾನೇ ನಂಬಲಿಲ್ಲ. ಅಪ್ಪಣೆಗಳನ್ನು ಕೊಟ್ಟೇ ಅಭ್ಯಾಸವಾಗಿದ್ದ ರಾಯರು ಕೋಟು ಕಳಚಿಟ್ಟು, ನಮಗೆ ಬೆನ್ನು ತಿರುಗಿಸಿ, ಬೆರಳುಗಳನ್ನು ಗೋಡೆಯ ಮೇಲೆ ಓಡಿಸುತ್ತಿದ್ದರು. "ಅಯ್ಯಯ್ಯೋ", "ಸಾಕಾ ಅಮ್ಮ?", "ಇನ್ನೊಂದು ಸಲವಾ?" ಎಂಬ ದನಿಗಳು ನಡುನಡುವೆ ಬರುತ್ತಿದ್ದವು. ಹೀಗೆ ಮನೆತನಕ್ಕೆ ಸರಿಹೋಗದ ಕೆಲಸ ಭರದಿಂದ ಸಾಗಿದ್ದಾಗ, ಒಂದೂವರೆಗೆ ಸರಿಯಾಗಿ, ಪರದೆಯ ಮೂಲೆಯಲ್ಲಿ ಪ್ರಣವ ಮೂಡಿದ. ತಲೆ ಬಾಚಿ, ಟೈ ಕಟ್ಟಿ, ನಗು ತಂದುಕೊಂಡು ಬಂದಿದ್ದ. ಸೋದರಮಾವನ ಬೆನ್ನು ಕಂಡು ಅವನ ನಗು ಅಲ್ಲೇ ನಿಂತಿತು.

"ಮಾವಾ, ಗೋಡೆಗೆ ಏನಾಯ್ತು?"

ರಾಯರು ತಿರುಗಿ ಗುಡುಗಿದರು. "ಒಂದು ಗಂಟೆ ಲೇಟು! ಹೆಣ್ಣು ನೋಡ್ಲಿಕ್ಕೆ ಬರುವ ಕ್ರಮವಾ ಇದು?"

"ಲೇಟಾ? ಕರೆಕ್ಟಾಗಿ ಎಂಟು ಗಂಟೆ ಮಾವ" ಎಂದ ಹುಡುಗ. ಆಮೇಲೆ ಅವನ ಮುಖ ಒಮ್ಮೆಲೇ ಬೆಳಗಿತು. "ಓ! ಇವತ್ತು ಬೆಳಿಗ್ಗೆ ನಮ್ಮ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ರು. ಡಬ್ಲಿನ್‌ನಲ್ಲಿ ಹೋದ ಭಾನುವಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ರು. ಮಾರ್ಚಿ ತಿಂಗಳ ಲೆಕ್ಕ ಏಪ್ರಿಲಿಗೆ ನಡೆಯಲ್ಲ. ಟೈಮ್ ಲೆಕ್ಕ ಹಾಕಿದ್ದು ಯಾರು?"

ಮನೆಯಲ್ಲಿದ್ದ ಎಲ್ಲರ ಕಣ್ಣುಗಳೂ ನನ್ನ ಕಡೆ ತಿರುಗಿದವು. ಯಾರೂ ತಪ್ಪು ಮಾಡಿರಲಿಲ್ಲ. ಮೂವರೂ ನಾನು ಹೇಳಿದ ಗಂಟೆಗೇ ಬಂದಿದ್ದರು. ನಾನು ಕಂಬಳಿ ಹೊದ್ದು ಮಲಗಬೇಕಾದ ಸನ್ನಿವೇಶ. ಆದರೆ ಪ್ರಣವ ನನ್ನನ್ನು ಬೈಯಲಿಲ್ಲ. "ಅಂಕಲ್, ಇದು ಬಹಳ ಇಂಟರೆಸ್ಟಿಂಗ್" ಎಂದು ಎಲ್ಲಿಂದಲೋ ಒಂದು ಕಿತ್ತಳೆ ಹಣ್ಣು ತಂದ. ಅದೇ ಭೂಮಿ. ಮೇಜಿನ ದೀಪ ಸೂರ್ಯ. ದಕ್ಷಿಣದಲ್ಲಿ ಚಳಿಗಾಲ ಬರುವಾಗ ಉತ್ತರದಲ್ಲಿ ಬೇಸಿಗೆ, ಬೇಸಿಗೆಯ ಸಂಜೆಗೆ ಬೆಳಕು ಹೆಚ್ಚಲೆಂದು ಗಡಿಯಾರ ಮುಂದಕ್ಕೆ, ಚಳಿಗಾಲಕ್ಕೆ ಮತ್ತೆ ಹಿಂದಕ್ಕೆ. ನಾನು ಓಡಿಹೋಗಿ ಅಡುಗೆಮನೆಯಿಂದ ಒಂದು ಮೂಸಂಬಿ ತಂದೆ. ನೇಪಾಳ ನಮಗಿಂತ ಕಾಲು ಗಂಟೆ ಮುಂದಿರುವುದು ನಿನಗೆ ಗೊತ್ತೆ ಎಂದು ಕೇಳಿದೆ. ಗೊತ್ತು, ಅಡಿಲೇಡಿನ ಅರ್ಧ ಗಂಟೆಯ ಕಥೆ ನಿಮಗೆ ಗೊತ್ತೆ ಎಂದ. ಗೊತ್ತಿಲ್ಲದೆ ಏನು, ಅಲ್ಲಿಯ ಎಷ್ಟು ಟೆಸ್ಟ್ ಮ್ಯಾಚುಗಳಿಗೆ ನಾನು ನಿದ್ದೆಗೆಟ್ಟಿಲ್ಲ! ನನ್ನನ್ನು ಇಷ್ಟು ಚೆನ್ನಾಗಿ ಅರ್ಥಮಾಡಿಕೊಂಡ ಮನುಷ್ಯ ಈ ಜನ್ಮದಲ್ಲಿ ಇನ್ನೊಬ್ಬ ಸಿಕ್ಕಿರಲಿಲ್ಲ.

"ಅಣ್ಣಾ, ಅವಳ ಹತ್ರ ಮಾತಾಡ್ಲಿಕ್ಕೆ ಬಿಡು" ಎಂದು ಗಿರಿಜೆ ನನ್ನ ಬೆನ್ನಿಗೆ ಚಿವುಟಿದಾಗ ಅರ್ಧ ಗಂಟೆ ಕಳೆದಿತ್ತು. ರಾಯರು ಊಟಕ್ಕೆ ಎದ್ದು ಹೋಗಿದ್ದರು. ಪ್ರಣವ ಟೈ ಸರಿಪಡಿಸಿಕೊಂಡು ಮೈತ್ರಿಯ ಕಡೆ ನೋಡಿದ. "ಸಾರಿ. ನಿಮಗೆ ಏನಾದರೂ ಕೇಳೋದಿದೆಯಾ?"

"ಗಡಿಯಾರ ಬಿಟ್ಟು ಬೇರೆ ಕೇಳ್ಬೋದಾ?" ಎಂದಳು ಮೈತ್ರಿ.

ಅವನು ಪ್ರಾಮಾಣಿಕವಾಗಿ ಯೋಚಿಸಿದ. "ಧಾರಾಳವಾಗಿ. ಅಂತರರಾಷ್ಟ್ರೀಯ ದಿನರೇಖೆ ಬಗ್ಗೆ ಬೇಕಾದರೆ ಕೇಳಿ."

ಮರುದಿನವೇ ರಾಯರ ಫೋನು ಬಂತು. ಹುಡುಗಿ ಅವರಿಗೆ ಒಪ್ಪಿಗೆ. ಕೆಲಸ ಬಿಡುವ ಮಾತು ಅವರು ಎತ್ತಲೇ ಇಲ್ಲ. ಆದರೆ ಮೈತ್ರಿ ಬೇಡ ಎಂದಳು. ಹೆಣ್ಣಿನ ಕಡೆಯಿಂದ ಹೀಗೊಂದು ಉತ್ತರ ಬರಬಹುದೆಂದು ರಾಯರಿಗೆ ಹೊಳೆದೇ ಇರಲಿಲ್ಲ. "ಸರಿಯಾಗಿ ಕೇಳಿಸ್ಲಿಲ್ಲ, ಲೈನ್ ಸರಿ ಇಲ್ಲ" ಎಂದು ಮೂರು ಸಲ ಕೇಳಿದರಂತೆ. ಗಿರಿಜೆ ಎರಡು ದಿನ ಮಗಳ ಹತ್ತಿರ ಮಾತು ಬಿಟ್ಟಳು. ನಾನು ಸುಮಿತ್ರೆಯನ್ನು ಕರೆದುಕೊಂಡು ಪೋರೂರಿಗೆ ಹೋಗಿ ಹುಡುಗನ ಪರವಾಗಿ ಗಂಟೆಗಟ್ಟಲೆ ವಾದಿಸಿದೆ. ಎಂಥ ತಾಳ್ಮೆ, ಎಂಥ ತಿಳಿವಳಿಕೆ, ಎಷ್ಟು ಚೆನ್ನಾಗಿ ವಿವರಿಸುತ್ತಾನೆ!

"ಒಳ್ಳೇವ್ರೇ ಮಾಮಾ, ಇಲ್ಲ ಅನ್ನಲ್ಲ" ಎಂದಳು ಮೈತ್ರಿ, ನನ್ನ ಕೈ ಹಿಡಿದುಕೊಂಡು. "ಆದ್ರೆ ಅವ್ರು ಇನ್ನೊಂದು ನೀವು. ಕುಟುಂಬಕ್ಕೆ ಒಬ್ರು ಪೋದುಂ."

ಪೋದುಂ ಎಂದರೆ ತಮಿಳಿನಲ್ಲಿ ಸಾಕು ಎಂದರ್ಥ. ಕನ್ನಡದಲ್ಲಿ ಹೇಳಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ಅಕ್ಷತಾ ಈಗ ಮೈತ್ರಿಯ ಜೀವದ ಗೆಳತಿ. ರಾಯರು ವಾರಕ್ಕೊಮ್ಮೆ ವಿಡಿಯೋ ಕಾಲ್ ಮಾಡಿ, ಕೈ ಎಲ್ಲಿಯವರೆಗೆ ಏರಿತು ಎಂದು ಅವಳಿಗೆ ತೋರಿಸುತ್ತಾರೆ. ಅದಕ್ಕೆ ಟೈಮ್ ಗೊತ್ತು ಮಾಡುವವಳು ಅವಳೇ. ಸಂಬಂಧ ತಪ್ಪಿ ನಿಜವಾಗಿ ನೊಂದವನು ನಾನೊಬ್ಬನೇ.

ಮೈತ್ರಿ ಪೋದುಂ ಎಂದ ದಿನ ಬಸ್ಸಿನಲ್ಲಿ ಬೆಸೆಂಟ್ ನಗರಕ್ಕೆ ಹಿಂತಿರುಗುವಾಗ ಕಿಟಕಿಯ ಪಕ್ಕ ಕುಳಿತಿದ್ದ ಸುಮಿತ್ರೆಯನ್ನು ಕೇಳಿದೆ, "ನಾನೇನು ಅಷ್ಟು ಕೆಟ್ಟವನಾ? ನನ್ನಂಥವನನ್ನು ಒಪ್ಪೋದಕ್ಕೇ ಆಗೋದಿಲ್ವಾ?"

"ಛೇ, ಯಾರಂದ್ರು? ಕೆಟ್ಟವ್ರಲ್ಲ" ಎಂದಳು ಸುಮಿತ್ರೆ, ಹೊರಗೆ ನೋಡುತ್ತ. ಆಮೇಲೆ ಸೇರಿಸಿದಳು: "ನಾನು ಒಪ್ಪಿದ್ದೆನಲ್ಲ. ನೀವು ನನ್ನನ್ನು ನೋಡ್ಲಿಕ್ಕೆ ಬಂದಾಗ ಹತ್ತೇ ನಿಮಿಷ ಇದ್ರಿ. ಬಸ್ಸಿಗೆ ಹೊತ್ತಾಯ್ತು ಅಂತ ಬಾಯೇ ತೆರೆಯದೆ ಎದ್ದು ಹೋದ್ರಿ."