ಸ್ವಿಜರ್ಲೆಂಡಿಗೆ ಎರಡು ಫೋಟೊ

ನನಗೆ ಶಕುನದಲ್ಲಿ ಅಂಥ ನಂಬಿಕೆಯೇನಿಲ್ಲ. ಬೆಕ್ಕು ಅಡ್ಡ ಬಂದರೆ ಅದಕ್ಕೂ ಏನೋ ಕೆಲಸವಿರಬೇಕು ಎಂದುಕೊಂಡು ದಾಟಿ ಹೋಗುವವನು ನಾನು. ಆದರೆ ಮನೆಯಿಂದ ಹೊರಟಾಗ ಯಾರಾದರೂ "ಎಲ್ಲಿಗೆ?" ಎಂದು ಕೇಳಿಬಿಟ್ಟರೆ ಮಾತ್ರ ಕಾಲು ಮುಂದೆ ಹೋಗುವುದಿಲ್ಲ. ನಮ್ಮ ಕಡೆ ತಿಳಿದವರು ಹಾಗೆ ಕೇಳುವುದಿಲ್ಲ, "ದೂರವೋ?" ಎನ್ನುತ್ತಾರೆ. ತಪ್ಪಿ ಕೇಳಿದರೋ, ಹೊರಟವನು ಒಳಗೆ ಬಂದು, ಕೂತು, ಒಂದು ಲೋಟ ನೀರು ಕುಡಿದು ಮತ್ತೆ ಹೊರಡಬೇಕು. ಹೊನ್ನಾವರದ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುವ ನನಗೆ "ದೂರವೋ?" ಎಂದವರಿಗೆ "ಹೌದು" ಎನ್ನುವ ಯೋಗ ವಯಸ್ಸು ನಲವತ್ತಾದರೂ ಬಂದಿರಲಿಲ್ಲ. ಬಡಗಕ್ಕೆ ಹೋದರೆ ಕುಮಟೆ. ತೆಂಕಕ್ಕೆ ಹೊಳೆ ದಾಟಿದರೆ ಹೆಂಡತಿಯ ತವರು ಮುಟ್ಟಳ್ಳಿ. ಅಲ್ಲಿಗೆ ಮುಗಿಯಿತು.

ಎರಡನೇ ಮಹಾಯುದ್ಧ ಮುಗಿದು ಎರಡು ಮಳೆಗಾಲ ಕಳೆದ ಮೇಲೆ, ನನಗೆ ಗಡಿಯಾರದ ಬಿಡಿಭಾಗ ಕಳಿಸುತ್ತಿದ್ದ ಮುಂಬಯಿಯ ಸೇಠರ ಕಾಗದ ಬಂತು. ವ್ಯಾಪಾರಕ್ಕೆಂದು ಸ್ವಿಜರ್ಲೆಂಡಿಗೆ ಹೋಗುತ್ತಿದ್ದಾರಂತೆ. ಹೊಸ ನಮೂನೆಯ ವಾಚುಗಳ ಕೆಲಸ ಕಲಿಯಲು ನನ್ನನ್ನೂ ಒಂದು ತಿಂಗಳು ತಮ್ಮ ಖರ್ಚಿನಲ್ಲೇ ಕರೆದೊಯ್ಯುತ್ತಾರಂತೆ. ಪಾಸ್‌ಪೋರ್ಟಿಗೆ ಎರಡು ಫೋಟೊ ಹದಿನೈದು ದಿನದೊಳಗೆ ಕಳಿಸಬೇಕು, ಇಲ್ಲವಾದರೆ ಬೆಳಗಾವಿಯ ಇನ್ನೊಬ್ಬನಿದ್ದಾನಂತೆ. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ಇಪ್ಪತ್ತು ವರ್ಷ ಆ ದೇಶದ ಹೊಟ್ಟೆಯನ್ನೇ ಬಿಚ್ಚಿ ನೋಡಿದ್ದೆ, ಮುಖ ನೋಡಿರಲಿಲ್ಲ.

ಶಾಲೆಯ ಮೇಷ್ಟರಿಂದ ಅಟ್ಲಾಸು ತಂದೆ. ಹೆಬ್ಬೆರಳಿಟ್ಟರೆ ದೇಶವೇ ಮುಚ್ಚಿಹೋಯಿತು. ಹೆಂಡತಿ ಗೌರಿ ಬಗ್ಗಿ ನೋಡಿ, "ಇಷ್ಟು ಸಣ್ಣ ಊರಲ್ಲಿ ಒಂದು ತಿಂಗಳು ಎಂತ ಮಾಡ್ತ್ರಿ?" ಎಂದಳು. ಸರೋವರ, ಬೆಟ್ಟ, ಬೆಟ್ಟದ ಮೇಲೆ ಬೀಳುವ ಹಿಮ ಎಲ್ಲವನ್ನೂ ಬಣ್ಣಿಸಿದೆ. ಅವಳು ಎಲ್ಲವನ್ನೂ ಕೇಳಿ, "ಅಲ್ಲಿ ಬಟ್ಟೆ ಒಣಗ್ತದಾ?" ಎಂದಳು. ಮರುದಿನವೇ ಕುಚ್ಚಲಕ್ಕಿ, ಹಪ್ಪಳ, ಒಂದು ಭರಣಿ ಮಾವಿನ ಮಿಡಿ ಉಪ್ಪಿನಕಾಯಿ ಜಗಲಿಗೆ ಬಂದು ಕೂತವು. ಅವನ್ನು ನೋಡಿದಾಗ ಮೊದಲ ಸಲ ನನಗೆ ಹೆದರಿಕೆಯಾಯಿತು. ಹೊಳೆ ದಾಟುವ ದೋಣಿಯಲ್ಲೇ ಕಣ್ಣು ಮುಚ್ಚಿ ಕೂರುವವನು ನಾನು. ಹಡಗಿನಲ್ಲಿ ಅಷ್ಟು ದಿನ ಮುಚ್ಚಿಕೊಂಡಿರಲು ಸಾಧ್ಯವೇ? ಇದನ್ನು ಯಾರಿಗೂ ಹೇಳಲಿಲ್ಲ.

ಫೋಟೊ ತೆಗೆಸಲು ಕುಮಟೆಗೇ ಹೋಗಬೇಕಿತ್ತು. ಮೊದಲ ದಿನ ಅಂಗಳ ಇಳಿಯುತ್ತಿದ್ದಂತೆ ಪಕ್ಕದ ಮನೆಯ ಸುಬ್ರಾಯ, "ಹೋಯ್, ಎಲ್ಲಿಗೆ ಹೊರಟ್ರಿ?" ಎಂದ. ಒಳಗೆ ಬಂದು ನೀರು ಕುಡಿಯುವಷ್ಟರಲ್ಲಿ ದಿನಕ್ಕಿದ್ದ ಒಂದೇ ಬಸ್ಸು ಹೋಗಿತ್ತು. ಇನ್ನೊಂದು ದಿನ ಅಂಚೆಯವನು ಕೇಳಿದ. ಮತ್ತೊಂದು ದಿನ ಭಟ್ಕಳದಿಂದ ವಾಚು ತಂದ ಸಾಹೇಬರು "ಕಹಾಂ ಜಾ ರಹೇ?" ಎಂದರು. ಉರ್ದುವಿನಲ್ಲಿ ಕೇಳಿದರೂ ತಟ್ಟುತ್ತದೆಯೇ ಎಂದು ಬಹಳ ಯೋಚಿಸಿ, ತಟ್ಟುತ್ತದೆ ಎಂದು ತೀರ್ಮಾನಿಸಿದೆ. ಹೀಗೆ ಹನ್ನೆರಡು ದಿನ ಹೋದವು.

ಗೌರಿ ಸೆರಗು ಸಿಕ್ಕಿಸಿಕೊಂಡು ಬೀದಿಯಿಡೀ ಸುತ್ತಿ ಬಂದಳು. "ನಾಳೆ ನಮ್ಮನೆಯವ್ರು ಹೊರಡ್ತ್ರು. ಯಾರೂ ಬಾಯಿ ಬಿಡೂದು ಬೇಡ," ಎಂದು ಎಲ್ಲರಿಗೂ ತಾಕೀತು ಮಾಡಿದ್ದಳಂತೆ. ಮರುದಿನ ನಾನು ಕೋಟು ಹಾಕಿಕೊಂಡು ಹೊರಬಿದ್ದರೆ ಸುಬ್ರಾಯ ಗೋಡೆಗೆ ಮುಖ ಮಾಡಿ ನಿಂತ. ಅಂಚೆಯವನು ಸೈಕಲ್ ಇಳಿದು ಹಿಂದೆ ತಿರುಗಿದ. ನಾನು ಬೇಕೆಂದೇ ನಿಧಾನವಾಗಿ ನಡೆದೆ. ಯಾರೂ ತುಟಿ ಬಿಚ್ಚಲಿಲ್ಲ. ಬಸ್ಸು ಹತ್ತಿದ ಮೇಲೆ ಕಂಡಕ್ಟರನಾದರೂ ಕೇಳಲೇಬೇಕಲ್ಲ ಎಂಬ ಆಸೆಯಿತ್ತು. ಅವನಿಗೂ ಗೌರಿ ಹೇಳಿಟ್ಟಿದ್ದಳು. ಒಂದು ಮಾತೂ ಆಡದೆ ಕುಮಟೆಯ ಟಿಕೇಟು ಹರಿದು ಕೈಗಿಟ್ಟ.

ಬಸ್ಸು ಗುರುಗುಟ್ಟಿತು. ನಾನು ಕಂಡಕ್ಟರನ ತೋಳು ಹಿಡಿದೆ. "ಅಲ್ಲ ಮಾರಾಯ, ಈ ಬಸ್ಸು ಎಲ್ಲಿಗೆ?" ಎಂದೆ. ಕೇಳಿದವನು ನಾನೇ, ಆದರೂ ಕೇಳಿದ್ದು ಕೇಳಿದ ಹಾಗೆಯೇ ಅಲ್ಲವೇ? ಇಳಿದುಬಿಟ್ಟೆ.

ಗೌರಿ ನೀರು ತಂದಿಟ್ಟು ನನ್ನ ಮುಖ ನೋಡಿದಳು. "ಹೆದ್ರಿಕೆ ಆಗ್ತದೆ ಅಂದಿದ್ರೆ ಆಗ್ತಿತ್ತು. ಪಾಪ, ಊರವ್ರ ಬಾಯಿ ಎಂತಕ್ಕೆ ಕಟ್ಟಿಸ್ದ್ರಿ?" ಎಂದಳು. ಆಮೇಲೆ ನಕ್ಕು, "ಆತು, ಕೋಟು ತೆಗೀರಿ," ಎಂದಳು.

ಬೆಳಗಾವಿಯವನು ಹೋಗಿ ಬಂದನೆಂದು ಆಮೇಲೆ ಕೇಳಿದೆ, ಹೊಟ್ಟೆ ಉರಿಯಿತು. ಬಸ್ಸಿನಿಂದ ಇಳಿದು ಬಂದ ಆ ದಿನ ಮಾತ್ರ ನೀರು ಕುಡಿದು, ಕೋಟು ಕಳಚಿ, ಬೀಗದಕೈ ಹಿಡಿದು ಹೊರಬಿದ್ದೆ. ಬಾಯಿ ಕಟ್ಟು ಬಿಚ್ಚಿದ ಸಂತೋಷದಲ್ಲಿ ಸುಬ್ರಾಯ, "ಎಲ್ಲಿಗೆ?" ಎಂದು ಕೂಗಿದ. "ಅಂಗಡಿಗೆ" ಎಂದು ನಾನು ನಿಲ್ಲದೆ ನಡೆದೆ.